ಕಾಯಿಮಟ್ಟೆಯ ಕೆಳಗೆ ಸಾಗಿದ ಬೆಳಕು

ಸೋಮವಾರ, ಹನ್ನೊಂದು ಗಂಟೆ. ಆಕೆ ಅದನ್ನು ಬರೆದದ್ದು ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ, ರವಿಕೆ ಕತ್ತರಿಸುವ ಹಲಗೆಯ ಮೇಲೆ. ಬರೆದು, ಕೆಳಗೆ ಎರಡು ಗೆರೆ ಎಳೆದು, ನನ್ನ ಮುಖ ನೋಡಿದಳು. ನಾನು ಬೆರಳು ಮಡಚಿ ಎಣಿಸಿದೆ. ಅವತ್ತು ಮಂಗಳವಾರ. ಅವಳು ಹೇಳಿದ ಸೋಮವಾರಕ್ಕೆ ಇನ್ನು ಇಪ್ಪತ್ತು ದಿನವಿತ್ತು.

ಆಗುತ್ತೆ ಎಂದು ತಲೆಯಾಡಿಸಿದೆ. ಒಂದು ಮೀಟರ್ ಕೇಬಲ್ ಕೂಡ ಎಳೆಯುವ ಮೊದಲೇ ತಲೆಯಾಡಿಸಿದ್ದು ನನ್ನ ತಪ್ಪು. ಆದರೆ ಆ ಎರಡು ಗೆರೆ ನೋಡಿದ ಮೇಲೆ ಬೇರೆ ಥರ ತಲೆಯಾಡಿಸಲು ಆಗಲಿಲ್ಲ.

ಕಣಕಟ್ಟೆಯಿಂದ ಆಚೆಗಿರುವ ಒಂದು ಸಣ್ಣ ಹಳ್ಳಿ ಅದು. ಅರಸೀಕೆರೆಯ ಒಂದು ಕೇಬಲ್ ಸಂಸ್ಥೆಯಲ್ಲಿ ನಾನು ಫೈಬರ್ ಕೆಲಸ ಮಾಡುತ್ತೇನೆ. ಟಿವಿ ಕೇಬಲ್ ಎಳೆದು ಬದುಕಿದ ನಮ್ಮ ಮಾಲೀಕರು ಈಗ ಇಂಟರ್ನೆಟ್ ಎಳೆಯುತ್ತಾರೆ. ಹಳೇಬೀಡು, ಬೇಲೂರಿನಲ್ಲೂ ಅವರ ಸಣ್ಣ ಆಫೀಸುಗಳಿವೆ. ಆ ಹಳ್ಳಿಗೆ ಲೈನ್ ಕೊಂಡೊಯ್ಯಬಹುದೇ ನೋಡಿ ಬಾ ಎಂದು ನನ್ನನ್ನು ಕಳಿಸಿದ್ದರು. ನೋಡಿ ಬರಲು ಹೋದವಳು ಮಾತು ಕೊಟ್ಟು ಬಂದೆ.

ಆಕೆಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅರೇಹಳ್ಳಿ ಕಡೆಯ ಹೆಣ್ಣು, ಮದುವೆಯಾಗಿ ಇಲ್ಲಿಗೆ ಬಂದಿದ್ದಾಳೆ. ಕಿವುಡು ಮಕ್ಕಳ ಶಾಲೆಯಲ್ಲಿ ಓದಿ ಹೊಲಿಗೆ ಕಲಿತವಳು. ಊರಿನ ಅರ್ಧ ಹೆಂಗಸರ ರವಿಕೆ ಅವಳ ಮಿಷನ್ನಿನಿಂದಲೇ ಬರುತ್ತದೆ. ಬೇರೆ ಜಿಲ್ಲೆಯ ಒಂದು ಸಂಸ್ಥೆಯವರು ಕಿವುಡು ಹುಡುಗಿಯರಿಗೆ ವಿಡಿಯೋದಲ್ಲೇ ಹೊಲಿಗೆ ಕಲಿಸಲು ಕೈಭಾಷೆ ಬಲ್ಲ ಶಿಕ್ಷಕಿಯನ್ನು ಹುಡುಕುತ್ತಿದ್ದರು. ಮನೆಯಲ್ಲೇ ಕೂತು ಮಾಡುವ ಕೆಲಸ, ತಿಂಗಳ ಸಂಬಳ. ಅದಕ್ಕೆ ಮೊದಲು ಒಂದು ಪಾಠ ಮಾಡಿ ತೋರಿಸಬೇಕು.

ಒಂದು ಸಲ ತೋರಿಸಿಯೂ ಆಗಿತ್ತು. ಕೆರೆ ಏರಿಯ ಮೇಲೆ. ಊರು ತಗ್ಗಿನಲ್ಲಿದೆ, ಸುತ್ತ ತೆಂಗು. ಮೊಬೈಲ್ ಸಿಗ್ನಲ್ ಬೇಕೆಂದರೆ ಏರಿ ಹತ್ತಬೇಕು. ಅವಳ ಅತ್ತೆ ನನಗೆ ಆ ಕಥೆಯನ್ನು ವಿವರವಾಗಿ ಹೇಳಿದರು. ಏರಿಯ ಮೇಲೆ ಸ್ಟೂಲು ಹಾಕಿ, ಅದರ ಮೇಲೆ ಹಲಗೆ ಇಟ್ಟು, ಗಾಳಿಗೆ ಬಟ್ಟೆ ಹಾರದಂತೆ ನಾಲ್ಕು ಮೂಲೆಗೆ ಕಲ್ಲು ಹೇರಿ, ಸೊಸೆ ಪಾಠ ಶುರು ಮಾಡಿದ್ದಳಂತೆ. ಎರಡು ನಿಮಿಷಕ್ಕೆ ಚಿತ್ರ ನಿಂತುಹೋಯಿತು. ಮತ್ತೆ ಬಂತು, ಮತ್ತೆ ನಿಂತಿತು.

“ನಿಮ್ದು ನಮ್ದು ಆದ್ರೆ ಚಿತ್ರ ನಿಂತ್ರೂ ಮಾತು ಕೇಳ್ತೈತೆ ಕಣವ್ವ,” ಎಂದರು ಅತ್ತೆ. “ಇವ್ಳಿಗೆ ಕೈಯೇ ಬಾಯಿ. ಕೈ ನಿಂತ್ರೆ ಬಾಯಿ ಕಟ್ದಂಗೆ.”

ಇನ್ನೊಂದು ಅವಕಾಶ ಕೊಡುತ್ತೇವೆ, ಈ ಸಲವೂ ಹೀಗಾದರೆ ಬೇರೆಯವರನ್ನು ನೋಡುತ್ತೇವೆ ಎಂದು ಸಂಸ್ಥೆಯವರು ಬರೆದಿದ್ದರು. ಆ ಇನ್ನೊಂದು ಅವಕಾಶವೇ ಹಲಗೆಯ ಮೇಲಿನ ಸೋಮವಾರ.

ಡೇಟಾ ಅಗ್ಗವಾಯಿತು ಎಂದು ಎಲ್ಲರೂ ಹೇಳುತ್ತಾರೆ. ನಿಜ. ನಾನು ಡಿಗ್ರಿ ಓದುವಾಗ ಒಂದು ಜಿಬಿ ಪ್ಯಾಕ್ ಹಾಕಿಸಿ, ನೋಟ್ಸ್ ಇಳಿಸಿಕೊಳ್ಳಲು ಮಾತ್ರ ಡೇಟಾ ಆನ್ ಮಾಡಿ, ತಿಂಗಳು ಪೂರ್ತಿ ಕಾಪಾಡುತ್ತಿದ್ದೆ. ಈಗ ಅಷ್ಟನ್ನು ನನ್ನ ಅಪ್ಪ ಕಾಯಿ ಸುಲಿಯುವ ವಿರಾಮದಲ್ಲಿ ಹಾಸ್ಯ ನೋಡಿ ಖರ್ಚು ಮಾಡುತ್ತಾರೆ. ನಮಗೆಲ್ಲ ಇಂಟರ್ನೆಟ್ ಅಗ್ಗವಾದಾಗ ಸಿನಿಮಾ ಅಗ್ಗವಾಯಿತು. ಈಕೆಗೆ ಅಗ್ಗವಾದದ್ದು ಮಾತು. ಅರೇಹಳ್ಳಿಯ ತಂಗಿಯ ಜೊತೆ ಅವಳು ಮೊದಲ ಬಾರಿಗೆ ಫೋನಿನಲ್ಲಿ ಜಗಳ ಆಡಿದ್ದು ವಿಡಿಯೋ ಬಂದ ಮೇಲೆಯೇ ಅಂತೆ. ಆದರೆ ಆ ಜಗಳಕ್ಕೂ ಏರಿ ಹತ್ತಬೇಕಿತ್ತು. ರೇಟು ಇಳಿದು ಊರ ಬಾಗಿಲವರೆಗೆ ಬಂದಿತ್ತು, ಮನೆಯೊಳಗೆ ಬಂದಿರಲಿಲ್ಲ. ಒಳಗೆ ತರುವುದು ನನ್ನ ಕೆಲಸ.

ಮಾಲೀಕರ ಷರತ್ತು ಒಂದೇ. ಮೂವತ್ತು ಮನೆ ಸೇರಿದರೆ ಲೈನ್, ಇಲ್ಲದಿದ್ದರೆ ಇಲ್ಲ. ಮೂವತ್ತು ಮನೆ ಹಂಚಿಕೊಂಡರೆ ತಿಂಗಳ ಬಾಡಿಗೆ ಎಲ್ಲರ ಕೈಗೂ ಎಟುಕುತ್ತದೆ. ನಾನು ಮನೆಮನೆ ತಿರುಗಲು ಸಿದ್ಧವಾಗಿದ್ದೆ, ಅತ್ತೆ ಬಿಡಲಿಲ್ಲ. ಹಾಲಿನ ಡೇರಿಯ ಮುಂದೆ ಬೆಳಿಗ್ಗೆ ಕ್ಯಾನು ಹಿಡಿದು ನಿಂತವರನ್ನೆಲ್ಲ ಅಲ್ಲೇ ಹಿಡಿದರು. ತಮ್ಮ ಸೊಸೆ ಹೊಲಿದ ರವಿಕೆ ತೊಟ್ಟವರು ಇಲ್ಲ ಎನ್ನುವ ಹಾಗೆಯೇ ಇರಲಿಲ್ಲ. ಎರಡು ಬೆಳಿಗ್ಗೆಯಲ್ಲಿ ಮೂವತ್ತೆರಡು ಮನೆ.

ಇನ್ನು ದಾರಿ. ರಸ್ತೆಯ ಕಂಬಗಳನ್ನು ಹಿಡಿದು ಬಂದರೆ ಮೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ಕೇಬಲ್ಲಿಗೆ ಮಾಲೀಕರು ಒಪ್ಪುವುದಿಲ್ಲ. ಮುಖ್ಯರಸ್ತೆಯ ಕೊನೆಯ ಕಂಬಕ್ಕೂ ಊರಿಗೂ ನಡುವೆ ಒಂದು ದೊಡ್ಡ ತೆಂಗಿನ ತೋಟ. ಅದನ್ನು ಹಾದರೆ ಬರೀ ಆರುನೂರು ಮೀಟರ್. ತೋಟದ ಯಜಮಾನರು ಕೊಬ್ಬರಿ ವ್ಯಾಪಾರದ ಹಳೆಯ ಮನೆತನದವರು, ಹಣೆಗೆ ವಿಭೂತಿ ಇಲ್ಲದೆ ಹೊರಗೆ ಬರದವರು. ಅವರು ಒಪ್ಪಿದರು, ಆದರೆ ಮರಕ್ಕೆ ಒಂದು ಮೊಳೆಯನ್ನೂ ಹೊಡೆಯಕೂಡದು ಎಂದರು. ಮೊಳೆ ಹೊಡೆದ ಗಾಯ ತೆಂಗಿನಲ್ಲಿ ಮಾಯುವುದಿಲ್ಲ, ಆ ವಾಸನೆಗೆ ಕೆಂಪು ಮೂತಿಯ ಹುಳ ಬಂದು ಮರವನ್ನೇ ತಿನ್ನುತ್ತದೆ. ಅದು ನನಗೂ ಗೊತ್ತಿತ್ತು. ಹಗ್ಗದಲ್ಲಿ ಕಟ್ಟುತ್ತೇವೆ ಎಂದೆ.

ನಮ್ಮ ಲೈನ್‌ಮನ್ ಮಾಮ ಏಣಿ ಹಾಕಿ ಹತ್ತಿದರು, ನಾನು ಕೆಳಗಿನಿಂದ ಕೇಬಲ್ ಬಿಟ್ಟುಕೊಟ್ಟೆ. ಮರದಿಂದ ಮರಕ್ಕೆ, ಇಪ್ಪತ್ತಡಿ ಎತ್ತರದಲ್ಲಿ. ಎರಡನೇ ವಾರದ ಬುಧವಾರ ಆಕೆಯ ಮನೆಯ ಗೋಡೆಗೆ ಪೆಟ್ಟಿಗೆ ಕೂರಿಸಿ ಪವರ್ ಮೀಟರ್ ಚುಚ್ಚಿದೆ. ಫೈಬರಿನಲ್ಲಿ ಬರುವ ಬೆಳಕಿನ ಬಲ ಅಳೆಯುವ ಮೀಟರ್ ಅದು. ಮೈನಸ್ ಇಪ್ಪತ್ತರ ಹತ್ತಿರವಿದ್ದರೆ ನಿಶ್ಚಿಂತೆ, ಮೈನಸ್ ಇಪ್ಪತ್ತೇಳು ದಾಟಿದರೆ ಲೈನ್ ಸತ್ತ ಹಾಗೆ. ಮೈನಸ್ ಇಪ್ಪತ್ತೊಂದು ತೋರಿಸಿತು. ಆಕೆ ತಂಗಿಗೆ ವಿಡಿಯೋ ಮಾಡಿದಳು. ಇಬ್ಬರ ಕೈಗಳೂ ಎಷ್ಟು ಜೋರಾಗಿ ಓಡಿದವೆಂದರೆ ಲೈನ್‌ಮನ್ ಮಾಮ, “ಸದ್ದಿಲ್ದೆ ಇಷ್ಟ್ ಗಲಾಟೆ ನಾನ್ ನೋಡೇ ಇಲ್ಲ ಕಣ್ರೀ ಮೇಡಂ,” ಎಂದರು. ಡಿಗ್ರಿ ಮಾಡಿದವಳು ಎಂದು ಅವರು ನನ್ನನ್ನು ಮೇಡಂ ಎನ್ನುವುದು. ಅರ್ಧ ಮರ್ಯಾದೆ, ಅರ್ಧ ಗೇಲಿ.

ಶುಕ್ರವಾರ ಮಧ್ಯಾಹ್ನ ಗಾಳಿ ಬಂತು. ಒಣಗಿದ ಗರಿಯೊಂದು ನೇರ ಕೇಬಲ್ ಮೇಲೆ ಬಿದ್ದು ಅದನ್ನು ನೆಲಕ್ಕೆ ಎಳೆದುಕೊಂಡಿತು. ತೆಂಗಿನ ಗರಿ ಎಂದರೆ ಹಗುರ ಎಂದುಕೊಳ್ಳುವವರು ಅದು ಬೀಳುವಾಗ ಕೆಳಗೆ ನಿಂತಿರುವುದಿಲ್ಲ. ನಮ್ಮಲ್ಲಿ ಒಂದು ಪೆಟ್ಟಿಗೆಯಿದೆ. ಅದು ಫೈಬರಿನೊಳಗೆ ಬೆಳಕಿನ ಚೂರು ಕಳಿಸಿ, ತುಂಡಾದ ಜಾಗಕ್ಕೆ ಬಡಿದು ವಾಪಸ್ ಬರುವ ಹೊತ್ತಿನ ಮೇಲೆ ದೂರ ಹೇಳುತ್ತದೆ. ಮುನ್ನೂರ ನಲವತ್ತು ಮೀಟರ್ ಎಂದಿತು. ಹೋದೆವು, ಕತ್ತರಿಸಿದೆವು, ಬೆಸೆದೆವು. ಸಂಜೆಗೆ ಮೈನಸ್ ಇಪ್ಪತ್ತಮೂರು. ಪರವಾಗಿಲ್ಲ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ತೋಟದಲ್ಲಿ ಕಾಯಿ ಇಳಿಸಿದರು.

ಇದನ್ನು ಬರೆಯಲು ನನಗೆ ಈಗಲೂ ನಾಚಿಕೆ. ಕಾಯಿ ಇಳಿಸುವ ಸರದಿ ಬಂದಿದೆ ಎಂದು ಆ ಮರಗಳ ಕೆಳಗೆ ಹತ್ತು ದಿನ ಓಡಾಡಿದ ನನಗೆ ಹೊಳೆಯಬೇಕಿತ್ತು. ಕಾಯಿ ಸುಲಿಯುವವರ ಮಗಳು ನಾನು. ನೆಲದಲ್ಲಿ ನೆಟ್ಟ ಚೂಪು ಹಾರೆಯ ಮೇಲೆ ಕಾಯಿ ಚುಚ್ಚಿ, ಒತ್ತಿ, ತಿರುಚಿ ಮಟ್ಟೆ ಬಿಡಿಸುವ ಕೆಲಸದಿಂದಲೇ ಅಪ್ಪ ನನ್ನನ್ನು ಬಿ.ಎಸ್ಸಿ. ಓದಿಸಿದ್ದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನೇ. ಗೊನೆ ಹೇಗೆ ಬೀಳುತ್ತದೆ, ಯಾವ ಕಡೆ ಉರುಳುತ್ತದೆ ಎಂದು ನಾನು ನಡೆಯಲು ಕಲಿಯುವಾಗಲೇ ಕಲಿತಿದ್ದೆ. ಆದರೆ ಕೇಬಲ್ ಕಟ್ಟುವಾಗ ನಾನು ಕಾಲೇಜಿನವಳಾಗಿದ್ದೆ, ತೋಟದವಳಾಗಿರಲಿಲ್ಲ. ಎತ್ತರ, ಜೋಲು, ಬಿಗಿ, ಎಲ್ಲವನ್ನೂ ಲೆಕ್ಕ ಹಾಕಿದ್ದೆ. ಮೇಲೆ ಕಾಯಿ ಇದೆ ಎಂಬುದೊಂದನ್ನು ಬಿಟ್ಟು.

ಗೊನೆಗಳು ಕೇಬಲ್ಲನ್ನು ಮೂರು ಕಡೆ ತುಂಡರಿಸಿದ್ದವು. ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಮಿಷನ್ ನಮ್ಮಲ್ಲಿ ಇರುವುದೊಂದೇ, ಮೂರು ಊರಿನ ಆಫೀಸಿಗೂ ಸುತ್ತುತ್ತದೆ. ಅದು ಅಂದು ಸಂಜೆಯೇ ಹಳೇಬೀಡಿಗೆ ಹೋಗಬೇಕಿತ್ತು. ಅದಕ್ಕೆ ಮೊದಲು ಮೂರೂ ಕಡೆ ಅವಸರದಲ್ಲಿ ಬೆಸೆದೆ. ಎಳೆದಾಟಕ್ಕೆ ಒಳಗಿನ ಗಾಜಿನ ಎಳೆ ಎಲ್ಲೆಲ್ಲೋ ನಲುಗಿತ್ತು. ಮೀಟರ್ ಮೈನಸ್ ಇಪ್ಪತ್ತಾರು ಎಂದಿತು. ಗಾಳಿಗೆ ಮರ ತೂಗಿದರೆ ಇಪ್ಪತ್ತೆಂಟು. ಆಕೆಯ ಫೋನಿನಲ್ಲಿ ತಂಗಿಯ ಕೈ ಗಾಳಿಯಲ್ಲಿ ನಿಂತುಬಿಡುತ್ತಿತ್ತು, ಮತ್ತೆ ಧಡಕ್ಕನೆ ಓಡುತ್ತಿತ್ತು. ಹಲಗೆಯ ಮೇಲೆ ಸೋಮವಾರ, ಹನ್ನೊಂದು ಗಂಟೆ ಹಾಗೇ ಇತ್ತು. ಉಳಿದಿದ್ದು ಎಂಟು ದಿನ.

ಮಾಲೀಕರು ಫೋನಿನಲ್ಲಿ, ಹೇಗೋ ನಡೆಯುತ್ತಿದೆಯಲ್ಲ, ಬಿಡು, ಮಳೆಗಾಲ ಮುಗಿದ ಮೇಲೆ ನೋಡೋಣ ಎಂದರು. ಸಿನಿಮಾ ನೋಡುವವರಿಗೆ ಅದು ಸಾಕಿತ್ತು. ತಿರುಗುವ ಚಕ್ರ ನೋಡುತ್ತಾ ಕಾಯುತ್ತಾರೆ.

ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಆ ತೋಟದ ಕಾಯಿಯನ್ನೂ ಸುಲಿಯುವುದು ಅವರೇ. ಅಪ್ಪ ನಕ್ಕರು. ನಗುವುದನ್ನು ನಿಲ್ಲಿಸಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ, ನೆಲದೊಳಗೆ ಯಾಕೆ ಹಾಕಬಾರದು ಎಂದು ಕೇಳಿದರು. ಅಗೆಯುವ ಖರ್ಚು ಯಾರು ಕೊಡುತ್ತಾರೆ, ಕೊಟ್ಟರೂ ಮುಂದಿನ ಉಳುಮೆಗೆ ಟಿಲ್ಲರ್ ಅದನ್ನು ಕಿತ್ತು ಹಾಕುತ್ತದೆ ಎಂದೆ.

“ಅಗೆಯೋದು ಯಾಕೆ? ಯಜಮಾನ್ರು ಈ ವಾರ ಮಟ್ಟೆ ಹೂಳ್ತಾರಲ್ಲ. ಜೇಸಿಬಿ ಹೇಳವ್ರೆ,” ಎಂದರು ಅಪ್ಪ. “ಮಟ್ಟೆ ಹೂತ ಜಾಗಕ್ಕೆ ಆರೇಳು ವರ್ಷ ಗುದ್ಲಿ ಇಕ್ಕಲ್ಲ ಕಣವ್ವ. ಟಿಲ್ಲರೂ ಅತ್ಲಾಗ್ ಹೋಗಲ್ಲ, ಹೂತ್ಕತೈತೆ.”

ನಾನು ತಟ್ಟೆ ಬಿಟ್ಟು ಎದ್ದೆ.

ನಮ್ಮ ಕಡೆ ಕೊಬ್ಬರಿಗೆ ಬಿಟ್ಟ ಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಇಟ್ಟು ಆಮೇಲೆ ಸುಲಿಯುತ್ತಾರೆ. ಸುಲಿದ ಮಟ್ಟೆ ಗುಡ್ಡದಷ್ಟು ಬೀಳುತ್ತದೆ. ಮಳೆ ಹಿಡಿಯುವ ಮೊದಲು ಮರದ ಸಾಲುಗಳ ನಡುವೆ ಉದ್ದಕ್ಕೆ ಚರ ತೋಡಿ, ಆ ಮಟ್ಟೆಯನ್ನು ಪದರ ಪದರವಾಗಿ ಜೋಡಿಸಿ ಮಣ್ಣು ಮುಚ್ಚುತ್ತಾರೆ. ಅದು ಸ್ಪಂಜಿನ ಹಾಗೆ ಮಳೆ ನೀರು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಬೇರಿಗೆ ಕೊಡುತ್ತದೆ. ಕೊಳೆಯಲು ವರ್ಷಗಳೇ ಬೇಕು, ಅಲ್ಲಿಯವರೆಗೆ ಆ ಚರವನ್ನು ಯಾರೂ ಮುಟ್ಟುವುದಿಲ್ಲ. ಇಡೀ ತಾಲ್ಲೂಕಿಗೆ ಗೊತ್ತಿರುವ ವಿಷಯ. ಅದು ಕೇಬಲ್ ದಾರಿಯೂ ಆಗಬಹುದು ಎಂದು ನಮ್ಮ ಕಸುಬಿನವರಲ್ಲಿ ಯಾರೂ ಯೋಚಿಸಿದ್ದನ್ನು ನಾನು ಕೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಯಜಮಾನರ ಮನೆ ಜಗಲಿಯಲ್ಲಿ ಕೂತೆ. ಒಂದೇ ತೊಡಕು. ಅವರು ಈ ವರ್ಷ ಅಡ್ಡಸಾಲುಗಳಲ್ಲಿ ಹೂಳಿಸಬೇಕೆಂದಿದ್ದರು. ನನಗೆ ಬೇಕಿದ್ದದ್ದು ರಸ್ತೆಯಿಂದ ಊರಿನವರೆಗೆ ಹೋಗುವ ಉದ್ದಸಾಲು. ಕಾಗದದ ಮೇಲೆ ತೋಟ ಬರೆದು ತೋರಿಸಿದೆ. ಅವರು ಕನ್ನಡಕ ಏರಿಸಿ ಕಾಗದ ನೋಡಿದರು, ನನ್ನನ್ನು ನೋಡಿದರು.

“ನೀನು ಸುಲಿಯೋ ಅವನ ಮಗಳಲ್ವೇನಮ್ಮ?”

“ಹೌದು ಯಜಮಾನ್ರೇ.”

“ಮಟ್ಟೆ ಕೊಳೆಯೋ ಹೊತ್ಗೆ ನಿನ್ ನೆಟ್ಟೂ ಕೊಳ್ತೋದ್ರೆ?”

“ಮಟ್ಟೆ ಕೊಳೆಯೋದು ಆರೇಳು ವರ್ಷಕ್ಕೆ. ಕೇಬಲ್ ಇಡೋ ಪೈಪು ನಮ್ಮಿಬ್ಬರಿಗಿಂತ ಜಾಸ್ತಿ ಬಾಳತ್ತೆ.”

ಅವರು ನಕ್ಕರು. ಉದ್ದಸಾಲಿಗೂ ಮಟ್ಟೆ ಬೇಕೇ ಬೇಕು, ಮುಂದಿನ ವರ್ಷದ್ದು ಈ ವರ್ಷ ಮಾಡಿದ ಹಾಗಾಯಿತು ಎಂದು ತಮಗೆ ತಾವೇ ಹೇಳಿಕೊಂಡರು. ತೋಟದ ನಡುವಿನ ಪಂಪ್‌ಹೌಸಿಗೂ ಒಂದು ಲೈನ್ ಬೇಕೆಂದರು. ಮೋಟರ್ ಓಡುತ್ತಿದೆಯೇ ಎಂದು ಮನೆಯಲ್ಲೇ ಕೂತು ಕ್ಯಾಮೆರಾದಲ್ಲಿ ನೋಡುವ ಆಸೆ ಅವರಿಗೆ. ಕೊಟ್ಟೆ.

ಕೊಡುವ ಅಧಿಕಾರ ನನಗಿರಲಿಲ್ಲ. ಮಾಲೀಕರಿಗೆ ಫೋನ್ ಮಾಡಿದರೆ ತೆಗೆಯಲಿಲ್ಲ. ಜೇಸಿಬಿ ಮಂಗಳವಾರ ಬೆಳಿಗ್ಗೆ ಬರುವುದಿತ್ತು. ಹೊಸ ಕೇಬಲ್ ತರಿಸಲು ಹೊತ್ತಿಲ್ಲ, ಚರದೊಳಗೆ ಹಾಕಬೇಕೆಂದರೆ ಮರದ ಮೇಲಿನದನ್ನೇ ಇಳಿಸಬೇಕು. ಇಳಿಸಿದರೆ ಮೂವತ್ತೆರಡು ಮನೆಗೆ ಈಗ ಬರುತ್ತಿರುವ ಕುಂಟು ಲೈನೂ ಇಲ್ಲ. ಚರದ್ದು ಸರಿಹೋಗದಿದ್ದರೆ ಆಕೆ ಸೋಮವಾರ ಮತ್ತೆ ಏರಿ ಹತ್ತಬೇಕು.

ನಾನು ಆಕೆಯ ಮನೆಗೆ ಹೋಗಿ ಸೀಮೆಸುಣ್ಣ ಕೇಳಿದೆ. ಹಲಗೆಯ ಮೇಲೆ ಎಲ್ಲವನ್ನೂ ಬರೆದೆ. ಈಗಿರುವುದು ಇಷ್ಟು, ತೆಗೆದರೆ ನಾಲ್ಕು ದಿನ ಏನೂ ಇಲ್ಲ, ಆಮೇಲೆ ಚೆನ್ನಾಗಿ ಬರಬಹುದು, ಬರದೆಯೂ ಇರಬಹುದು. ಆಕೆ ನಿಧಾನವಾಗಿ ಓದಿದಳು. ‘ಬರಬಹುದು’ ಎಂಬ ಮಾತಿನ ಮೇಲೆ ಬೆರಳಿಟ್ಟು ಹುಬ್ಬೇರಿಸಿದಳು. ನಾನು ಅದನ್ನು ಒರೆಸಿ ‘ಬರುತ್ತೆ’ ಎಂದು ಬರೆದೆ. ಆಕೆ ಕತ್ತರಿ ಎತ್ತಿ ಗಾಳಿಯಲ್ಲಿ ಕಚಕ್ಕನೆ ಕತ್ತರಿಸಿದಳು. ಅದಕ್ಕೆ ಕೈಭಾಷೆ ಗೊತ್ತಿರಬೇಕಿರಲಿಲ್ಲ.

ಸಂಜೆಯೊಳಗೆ ಲೈನ್‌ಮನ್ ಮಾಮ ಎಲ್ಲ ಮರಗಳಿಂದ ಕೇಬಲ್ ಬಿಚ್ಚಿದರು. “ಮಾಲೀಕ್ರು ಕೇಳಿದ್ರೆ ಮೇಡಂ ಹೇಳಿದ್ರು ಅಂತೀನಿ,” ಎಂದರು. ಹಾಗೇ ಹೇಳಿ ಎಂದೆ. ನಲುಗಿದ ಭಾಗಗಳನ್ನು ಕತ್ತರಿಸಿ ಎಸೆದು, ತಿರುವುಗಳಿಗಾಗಿ ಬಿಟ್ಟಿದ್ದ ಸುರುಳಿಗಳನ್ನೆಲ್ಲ ಬಿಡಿಸಿದ ಮೇಲೆ ಎರಡು ಒಳ್ಳೆಯ ಉದ್ದನೆಯ ತುಂಡು ಸಿಕ್ಕವು. ಎರಡೂ ಸೇರಿದರೆ ತೋಟ ದಾಟುತ್ತದೆ, ನಡುವೆ ಒಂದು ಜೋಡಣೆ ಬೇಕು.

ಮಂಗಳವಾರದಿಂದ ಗುರುವಾರದವರೆಗಿನ ಆ ಮೂರು ದಿನ ನನ್ನ ಕೆಲಸದ ಜೀವನದಲ್ಲೇ ಅತ್ಯಂತ ಖುಷಿಯ ದಿನಗಳು. ಮುಂದೆ ಜೇಸಿಬಿ ಕೆಮ್ಮಣ್ಣು ಎತ್ತುತ್ತಾ ಹೋಗುತ್ತಿತ್ತು. ಹಿಂದೆ ನಾನು, ಮಾಮ ಆಫೀಸಿನಿಂದ ತಂದ ಕಪ್ಪು ಪೈಪು ಬಿಚ್ಚುತ್ತಾ ಚರದ ತಳದಲ್ಲಿ ಹಾಸುತ್ತಾ ಹೋದೆವು. ಪೈಪಿನೊಳಗೆ ನೈಲಾನ್ ಹಗ್ಗ, ಹಗ್ಗದ ತುದಿಗೆ ಕೇಬಲ್. ಒಬ್ಬರು ಎಳೆಯಬೇಕು, ಇನ್ನೊಬ್ಬರು ಸೋಪಿನ ನೀರು ಸವರಿ ತಳ್ಳಬೇಕು. ನಮ್ಮ ಹಿಂದೆ ಅಪ್ಪ, ಅವರ ಜೊತೆ ಸುಲಿಯುವ ನಾಲ್ಕು ಮಂದಿ, ಮಟ್ಟೆ ಹೊತ್ತು.

ಮಟ್ಟೆಯನ್ನು ಯಾವಾಗಲೂ ಬಟ್ಟಲಿನ ಹಾಗೆ ಬಾಯಿ ಮೇಲೆ ಮಾಡಿ ಜೋಡಿಸುತ್ತಾರೆ, ನೀರು ನಿಲ್ಲಲಿ ಎಂದು. ಅಪ್ಪ ಪೈಪಿನ ಮೇಲಿನ ಮೊದಲ ಪದರವನ್ನು ಮಾತ್ರ ಕವುಚಿ ಹಾಕಿಸಿದರು, ಮನೆಗೆ ಹೆಂಚು ಹೊದಿಸಿದ ಹಾಗೆ. ಮೇಲೆ ಎಷ್ಟೇ ಭಾರ ಬಿದ್ದರೂ ಪೈಪು ಜಜ್ಜುವುದಿಲ್ಲ, ನೀರು ಪಕ್ಕಕ್ಕೆ ಇಳಿಯುತ್ತದೆ. ಅದಕ್ಕಿಂತ ಮೇಲಿನ ಪದರಗಳೆಲ್ಲ ಎಂದಿನಂತೆ ಬಾಯಿ ಮೇಲೆ. ನಾನು ಹೇಳಿಕೊಟ್ಟದ್ದಲ್ಲ ಅದು. ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ.

ಜೋಡಣೆ ಬಂದದ್ದು ಪಂಪ್‌ಹೌಸಿನ ಹತ್ತಿರ. ಸ್ಪ್ಲೈಸಿಂಗ್ ಮಿಷನ್ ಇನ್ನೂ ಹಳೇಬೀಡಿನಲ್ಲಿತ್ತು. ಮಿಷನ್ ಇದ್ದರೆ ಎರಡು ಎಳೆಯ ತುದಿಗಳನ್ನು ಕರಗಿಸಿ ಒಂದೇ ಎಳೆ ಮಾಡಬಹುದು. ಇಲ್ಲದ್ದರಿಂದ ಸಿದ್ಧ ಕನೆಕ್ಟರ್ ಹಾಕಿ, ಎರಡು ತುದಿ ಎದುರುಬದುರು ಕೂರಿಸಿ, ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದು ಚರದಲ್ಲೇ ಇಳಿಸಿದೆ. ಆ ಕಡೆ ಈ ಕಡೆ ಹತ್ತತ್ತು ಮೀಟರ್ ಕೇಬಲ್ಲನ್ನು ಸುರುಳಿ ಸುತ್ತಿ ಬಿಟ್ಟೆ. ಇಷ್ಟು ಯಾಕೆ ದಂಡ ಮಾಡ್ತೀರಿ ಎಂದು ಮಾಮ ಗೊಣಗಿದರು.

ಶುಕ್ರವಾರ ಮೀಟರ್ ಮೈನಸ್ ಇಪ್ಪತ್ತೆರಡು ಎಂದಿತು. ಗಾಳಿ ಬಂತು, ಮರಗಳು ತೂಗಿದವು, ಮೀಟರ್ ಅಲುಗಾಡಲಿಲ್ಲ. ಅವತ್ತೇ ಮಾಲೀಕರು ಬಂದು ನೋಡಿದರು. ಪಂಪ್‌ಹೌಸಿನ ಲೈನ್ ವಿಷಯಕ್ಕೆ ಸ್ವಲ್ಪ ರೇಗಿದರು. ಆಮೇಲೆ ಮಣ್ಣು ಮುಚ್ಚಿದ ಚರದ ಮೇಲೆ ಊರಿನವರೆಗೂ ನಡೆದು ಹೋಗಿ ವಾಪಸ್ ಬಂದು, ಈ ಕಡೆ ಇನ್ನೆಷ್ಟು ಜನ ಮಟ್ಟೆ ಹೂಳುತ್ತಾರೆ ಎಂದು ಕೇಳಿದರು.

ಶನಿವಾರ ಮಧ್ಯಾಹ್ನ ಮಳೆ ಸುರಿಯಿತು. ವರ್ಷದ ಮೊದಲ ದೊಡ್ಡ ಮಳೆ. ಐದು ಗಂಟೆಗೆ ಅತ್ತೆಯ ಫೋನ್ ಬಂತು. ಪೆಟ್ಟಿಗೆಯ ಹಸಿರು ದೀಪ ಹೋಗಿ ಕೆಂಪಾಗಿದೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಚರದ ಮುಂದೆ ನಿಂತಾಗ ನನಗೆ ಎಲ್ಲ ಗೊತ್ತಾಗಿತ್ತು. ನೀರು ಹಿಡಿಯಲೆಂದೇ ಮಾಡಿದ ಜಾಗದಲ್ಲಿ ನಾನು ಡಬ್ಬಿ ಇಟ್ಟಿದ್ದೆ. ಪೈಪಿಗೆ ನೀರಿನ ಭಯವಿಲ್ಲ, ಕೇಬಲ್ಲಿಗೂ ಇಲ್ಲ. ಕನೆಕ್ಟರಿಗೆ ಇದೆ. ಅಪ್ಪ, ಮಾಮ ಸೇರಿ ಮಟ್ಟೆ ತೆಗೆದರು, ಆರೇಳು ವರ್ಷ ಯಾರೂ ಮುಟ್ಟದ ಜಾಗವನ್ನು ನಾನೇ ಮೂರನೇ ದಿನ ಅಗೆಸಿದೆ. ಡಬ್ಬಿ ತೆಗೆದು ಬಗ್ಗಿಸಿದರೆ ಕಾಫಿ ಬಣ್ಣದ ನೀರು ಸುರಿಯಿತು.

ಮಾಡಬೇಕಾದದ್ದು ಸ್ಪಷ್ಟವಿತ್ತು. ಜೋಡಣೆ ನೆಲದೊಳಗೆ ಇರಕೂಡದು. ಪಂಪ್‌ಹೌಸಿನ ಗೋಡೆಯ ಮೇಲೆ ಎದೆಯೆತ್ತರಕ್ಕೆ ಬರಬೇಕು. ಕನೆಕ್ಟರ್ ಬೇಡ, ಕರಗಿಸಿ ಬೆಸೆಯಬೇಕು. ಗೋಡೆಯವರೆಗೆ ಎತ್ತಲು ಆ ಹತ್ತತ್ತು ಮೀಟರ್ ಸುರುಳಿ ಸಾಕು. ಮಾಮ ಸುರುಳಿಯನ್ನೊಮ್ಮೆ ನೋಡಿ ಗೋಡೆಗೆ ತೂತು ಕೊರೆಯಲು ಹೋದರು. ಉಳಿದದ್ದು ಮಿಷನ್ ಒಂದೇ.

ಬಸ್ಸು ಹಿಡಿದು ಅರಸೀಕೆರೆ, ಅಲ್ಲಿಂದ ಇನ್ನೊಂದು ಬಸ್ಸು ಹಳೇಬೀಡಿಗೆ. ಭಾನುವಾರದ ಜನ, ಪ್ರವಾಸಿಗಳು, ನಿಲ್ಲಲು ಜಾಗವಿಲ್ಲ. ಹಳೇಬೀಡಿನ ಆಫೀಸಿನ ಫೈಬರ್ ಕೆಲಸದವರು ಕೆರೆ ಪಕ್ಕದ ಒಂದು ಹೋಟೆಲಿನಲ್ಲಿ ಕೆಲಸದಲ್ಲಿದ್ದರು, ಅಲ್ಲಿ ಮುಗಿಸಿ ಸಂಜೆ ಬೇಲೂರಿಗೆ ಹೋಗಬೇಕಂತೆ. ಮಿಷನ್ ಕೊಡುವುದಿಲ್ಲ ಎಂದರು. ನಾನು ಕೈಭಾಷೆ, ಕೆರೆ ಏರಿ, ನಿಂತುಹೋದ ಚಿತ್ರ, ಎಲ್ಲ ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ಮಿಷನ್ನಿನ ಪೆಟ್ಟಿಗೆಯ ಬಕಲ್ ಹಾಕಿದರು. ಬೇಲೂರಿನವರಿಗೆ ನಾಳೆ ಅಂತೀನಿ, ಕತ್ತರಿಸೋ ಬ್ಲೇಡು ಹೊಸದು ಹಾಕಿದೀನಿ, ಹುಷಾರು ಎಂದರು.

ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ, ಮಗು ಎತ್ತಿಕೊಂಡ ಹಾಗೆ. ಮೂರು ಗಂಟೆಗೆ ಪಂಪ್‌ಹೌಸ್. ಸಿಪ್ಪೆ ಬಿಡಿಸು, ಸ್ಪಿರಿಟ್ಟಿನಲ್ಲಿ ಒರೆಸು, ಬ್ಲೇಡಿಗೆ ಕೊಡು, ಮಿಷನ್ನಿನ ಎರಡು ಕಡೆ ಕೂರಿಸು. ಪರದೆಯ ಮೇಲೆ ಎರಡು ತುದಿಗಳು ಎರಡು ಕಂಬಗಳ ಹಾಗೆ ದೊಡ್ಡದಾಗಿ ಕಂಡು, ಒಂದಕ್ಕೊಂದು ಹತ್ತಿರ ಬಂದು, ಕಿಡಿ ಹಾರಿ, ಒಂದಾಗುತ್ತವೆ. ನೂರಾರು ಸಲ ನೋಡಿದ್ದೇನೆ. ಅವತ್ತು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಮೊದಲನೆಯದು ಸರಿ ಬರಲಿಲ್ಲ, ನನ್ನ ಕೈ ಒದ್ದೆಯಿತ್ತು. ಒಣಗಿಸಿಕೊಂಡು ಮತ್ತೆ ಕತ್ತರಿಸಿ ಬೆಸೆದೆ. ಊರಿಗೆ ಓಡಿ ಹೋಗಿ ಮೀಟರ್ ಚುಚ್ಚಿದೆ. ಮೈನಸ್ ಹತ್ತೊಂಬತ್ತು.

ಸೋಮವಾರ ಹತ್ತೂವರೆಗೆ ನಾನು ಆಕೆಯ ಮನೆಯಲ್ಲಿದ್ದೆ. ಕರೆಂಟ್ ಹೋದರೆ ಎಂದು ಪೆಟ್ಟಿಗೆಗೆ ಬ್ಯಾಟರಿ ಜೋಡಿಸಿದ್ದೆ. ಹೊರಗೆ ಮತ್ತೆ ಮಳೆ. ಆಕೆ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಹಲಗೆ ಕಾಣುವ ಹಾಗೆ ಹೊಂದಿಸಿದಳು. ಹಲಗೆಯ ಮೇಲಿನ ಬರಹವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಳಿ ಬಟ್ಟೆ ಹಾಸಿದಳು. ಹನ್ನೊಂದಕ್ಕೆ ಪರದೆಯಲ್ಲಿ ಮೂವರು ಕಾಣಿಸಿದರು.

ನಲವತ್ತು ನಿಮಿಷ. ರವಿಕೆಯ ಕಂಕುಳ ತಿರುವು ಹೇಗೆ ಕತ್ತರಿಸಬೇಕು ಎಂಬ ಪಾಠ. ಒಂದು ಅಕ್ಷರವೂ ನನಗೆ ಅರ್ಥವಾಗಲಿಲ್ಲ. ಆದರೆ ಕೈ ಎಲ್ಲೂ ನಿಲ್ಲಲಿಲ್ಲ. ಅವಳದ್ದೂ ನಿಲ್ಲಲಿಲ್ಲ, ಅವರದ್ದೂ ನಿಲ್ಲಲಿಲ್ಲ. ಒಂದು ಹಂತದಲ್ಲಿ ಆ ಕಡೆಯವರು ಏನೋ ಕೇಳಿದರು, ಈಕೆ ಉತ್ತರಿಸಿದಳು, ಆ ಮೂವರೂ ನಕ್ಕರು. ಅತ್ತೆ ಅಡುಗೆಮನೆ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನಾನು ಮೂಲೆಯಲ್ಲಿ ಕೂತು ಹಸಿರು ದೀಪವನ್ನೇ ನೋಡುತ್ತಿದ್ದೆ.

ಬುಧವಾರ ಕೆಲಸದ ಪತ್ರ ಬಂತು. ಅದನ್ನು ತೋರಿಸಲು ಆಕೆ ಅತ್ತೆಯ ಜೊತೆ ತೋಟಕ್ಕೇ ಬಂದಳು. ನಾವು ಆಗ ಪಂಪ್‌ಹೌಸಿನಲ್ಲಿ ಯಜಮಾನರ ಕ್ಯಾಮೆರಾ ಕೂರಿಸುತ್ತಿದ್ದೆವು. ಪತ್ರ ಓದಿ ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಂಡಳು. ಏನೋ ಹೇಳಬೇಕಿತ್ತು, ಅದಕ್ಕೆ ಕೈ ಬೇಕಿತ್ತು. ಎರಡೂ ಕೈಯಲ್ಲಿ ದುಂಡಗಿನದೇನನ್ನೋ ಹಿಡಿದ ಹಾಗೆ ಮಾಡಿ, ಕೆಳಕ್ಕೆ ಒತ್ತಿ, ತಿರುಚಿದಳು. ಆಮೇಲೆ ಅಂಗೈಯೊಳಗಿಂದ ತೆಳ್ಳನೆಯ ದಾರ ಎಳೆದ ಹಾಗೆ ಎರಡು ಬೆರಳನ್ನು ತನ್ನ ಕಣ್ಣಿನವರೆಗೆ ತಂದಳು. ನನ್ನ ಕಡೆ ಬೆರಳು ತೋರಿದಳು.

“ನಿಂಗೆ ಹೆಸ್ರು ಇಕ್ಕವ್ಳೆ ಕಣವ್ವ,” ಎಂದರು ಅತ್ತೆ. “ಅವ್ರಲ್ಲಿ ಹಂಗೇಯ. ಬೇಕಾದೋರಿಗೆಲ್ಲ ಕೈಯಲ್ಲೊಂದು ಹೆಸ್ರು.”

ಕಾಲೇಜಿನ ಅರ್ಜಿಗಳಲ್ಲಿ ತಂದೆಯ ಉದ್ಯೋಗ ಎಂಬ ಕಡೆ ನಾನು ಮೂರು ವರ್ಷವೂ ‘ಕೃಷಿ’ ಎಂದು ಬರೆದಿದ್ದೆ. ನಮಗೆ ಒಂದು ಗುಂಟೆ ಜಮೀನೂ ಇಲ್ಲ. ಕಾಯಿ ಸುಲಿಯೋರ ಹುಡುಗಿ ಎಂದು ಯಾರೋ ಹಿಂದಿನಿಂದ ಕರೆದರೆ ಕಿವಿ ಬಿಸಿಯಾಗುತ್ತಿತ್ತು. ಈಗ ಅದೇ ನನ್ನ ಹೆಸರಾಗಿತ್ತು, ದಾರವೊಂದು ಹೆಚ್ಚಾಗಿ ಸೇರಿತ್ತು. ಹಿಡಿದು, ಒತ್ತಿ, ತಿರುಚಿ, ಎಳೆದು ನೋಡಿದೆ. ಆಕೆ ತಲೆಯಾಡಿಸಿ ನಕ್ಕಳು.

ಅಪ್ಪ ಮಟ್ಟೆ ರಾಶಿಯ ಪಕ್ಕದಲ್ಲಿ ಬೀಡಿ ಹಚ್ಚಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ನಾನು ಹೋಗಿ ಅವರ ಮುಂದೆ ನಿಂತು ನನ್ನ ಹೆಸರನ್ನು ಇನ್ನೊಮ್ಮೆ ಹೇಳಿದೆ. ಅವರು ಬೀಡಿ ನೆಲಕ್ಕೆ ಒತ್ತಿ ಆರಿಸಿ, ಎದ್ದು, ನನ್ನ ಮಣಿಕಟ್ಟು ಹಿಡಿದರು.

“ಹಂಗಲ್ಲ ಕಣವ್ವ. ಎಡಗೈ ಒತ್ಬೇಕು, ಬಲಗೈ ತಿರುಚ್ಬೇಕು,” ಎಂದರು. “ನೋಡು, ಇಂಗೆ.”